ಐದನೇ ತಾರೀಖು

ಪ್ರತಿ ತಿಂಗಳ ಐದನೇ ತಾರೀಖು, ಇನ್ನೂ ಬೆಳಕು ಹರಿಯುವ ಮೊದಲೇ ನನ್ನ ಫೋನು ಒಮ್ಮೆ ಗುಂಯ್ ಅನ್ನುತ್ತದೆ. ಏನೆಂದು ಎತ್ತಿ ನೋಡಬೇಕಿಲ್ಲ, ಮನೆ ಸಾಲದ ಕಂತು ಹೋಗಿರುತ್ತದೆ. ಪಕ್ಕದಲ್ಲಿ ಮಲಗಿದ ಗಂಡನಿಗೂ ಎಚ್ಚರವಾಗಿರುತ್ತದೆ, ಅವರೂ ಏನೂ ಅನ್ನುವುದಿಲ್ಲ. ಹಾಲಿನವನಿಗೆ, ಮಗಳ ಶಾಲೆಯ ವ್ಯಾನಿಗೆ, ಅತ್ತೆಯ ಬಿಪಿ ಮಾತ್ರೆಗೆ, ಊರಿಗೆ ಹೋಗಿ ಬರುವ ಬಸ್ ಚಾರ್ಜಿಗೆ, ಎಲ್ಲಕ್ಕಿಂತ ಮೊದಲು ಅದು ಹೋಗಿಬಿಡುತ್ತದೆ. ನಮ್ಮವರೆಂದು ನಾವು ಯಾರನ್ನು ಕರೆಯುತ್ತೇವೋ ಅವರೆಲ್ಲರಿಗೂ ಸಿಗುವುದು ಅದು ಹೋದ ಮೇಲೆ ಉಳಿದದ್ದು. ಈ ಕ್ರಮ ಎಷ್ಟು ಸಹಜವಾಗಿಬಿಟ್ಟಿತೆಂದರೆ, ಇದರ ಬಗ್ಗೆ ಯೋಚಿಸಬೇಕು ಅನ್ನಿಸುವುದಕ್ಕೇ ನನಗೆ ಎರಡು ವರ್ಷ ಬೇಕಾಯಿತು.

ನನ್ನ ಅಪ್ಪ ತಿಪಟೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಶಿಕ್ಷಕರ ಗೃಹ ನಿರ್ಮಾಣ ಸಹಕಾರ ಸಂಘದಿಂದ ಮೂವತ್ತು ನಲವತ್ತರ ಒಂದು ಸೈಟು ತೆಗೆದುಕೊಂಡಿದ್ದರು, ನಾನು ಹುಟ್ಟುವುದಕ್ಕೂ ಮೊದಲು. ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಟ್ಟುಕೊಂಡು, ಪಾರ್ಥೇನಿಯಂ ಬೆಳೆಸಿಕೊಂಡು ಹಾಗೇ ಬಿದ್ದಿತ್ತು. ನಾವು ಮೂವರು ಮಕ್ಕಳು ಬೆಳೆದದ್ದು ಐದು ಬಾಡಿಗೆ ಮನೆಗಳಲ್ಲಿ. 2009ರಲ್ಲಿ ಅಪ್ಪ ನಿವೃತ್ತರಾದರು. ಜಿಪಿಎಫ್, ಗ್ರಾಚ್ಯುಟಿ ಎಲ್ಲ ಕೈಗೆ ಬಂತು. ಆಗ ಪಾಯ ತೆಗೆಸಿದರು. ಗೃಹಪ್ರವೇಶದ ದಿನ ಅಪ್ಪನಿಗೆ ಅರವತ್ತು, ಅಮ್ಮನ ತಲೆ ಮುಕ್ಕಾಲು ಪಾಲು ನರೆತಿತ್ತು. ಮನೆ ಅನ್ನುವುದು ಅವರಿಗೆ ದುಡಿಮೆಯ ಕೊನೆಗೆ ಕೈಗೆ ಬಂದ ಹಣ್ಣು. ನಮಗೆ ಅದು ದುಡಿಮೆಯ ನಡುದಾರಿಯಲ್ಲೇ ಹೆಗಲೇರಿದ ನೊಗ.

ನಾವು ಯಾಕೆ ಕಾಯಲಿಲ್ಲ ಅಂತ ಹಿರಿಯರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಯಾವುದಕ್ಕಾಗಿ ಕಾಯಬೇಕಿತ್ತು? ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ನೌಕರಿಗೆ ಸೇರಿದವರಿಗೇ ಹಳೆಯ ಪಿಂಚಣಿ ಇಲ್ಲದೆ ಹೋಯಿತು, ನಮ್ಮಂಥ ಖಾಸಗಿ ಕಂಪನಿಯವರ ಮಾತು ಬಿಡಿ. ಬೆಂಗಳೂರಿನಲ್ಲಿ ಆರು ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದೆವು. ಒಬ್ಬರು ಮಗನಿಗೆ ಮದುವೆ ಅಂದರು, ಇನ್ನೊಬ್ಬರು ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸುತ್ತೇವೆ ಅಂದರು. ಪ್ರತಿ ಸಲ ಹತ್ತು ತಿಂಗಳ ಅಡ್ವಾನ್ಸು ಹೊಂದಿಸಬೇಕು, ಬಿಡುವಾಗ ಬಣ್ಣಕ್ಕೆಂದು ಅದರಲ್ಲಿ ಮುರಿದುಕೊಳ್ಳುವುದನ್ನು ಸಹಿಸಬೇಕು. ಮಗಳಿಗೆ ಮೂರು ತುಂಬುವ ಹೊತ್ತಿಗೆ ಅವಳು ರಟ್ಟಿನ ಡಬ್ಬಗಳನ್ನು ಕಂಡರೆ ಅಳುತ್ತಿದ್ದಳು. ಮತ್ತೆ ಎಲ್ಲವನ್ನೂ ಕಟ್ಟುತ್ತೇವೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ನೆಲೆ ಬೇಕು ಅನ್ನಿಸಿದ್ದು ದುರಾಸೆಯಿಂದ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

2021ರ ಜನವರಿಯಲ್ಲಿ ಎರಡು ಕೋಣೆಯ ಫ್ಲಾಟು ಕೊಂಡೆವು. ಬೆಲೆ ಅರವತ್ತೆರಡೂವರೆ ಲಕ್ಷ. ಆ ಬೆಲೆಯ ಮನೆಗೆ ಬ್ಯಾಂಕು ನೂರಕ್ಕೆ ಎಂಬತ್ತರಷ್ಟು ಮಾತ್ರ ಕೊಡುತ್ತದೆ, ಐವತ್ತು ಲಕ್ಷ ಸಿಕ್ಕಿತು. ಉಳಿದ ಹನ್ನೆರಡೂವರೆ ನಮ್ಮ ಕೈಯಿಂದ. ನೋಂದಣಿ, ಮುದ್ರಾಂಕ ಶುಲ್ಕ ಅಂತ ನಾಲ್ಕು ಲಕ್ಷಕ್ಕೂ ಮಿಕ್ಕಿ ಹೋಯಿತು. 2025ರ ಆಗಸ್ಟ್ ಕೊನೆಯಲ್ಲಿ ನಮ್ಮ ರಾಜ್ಯ ನೋಂದಣಿ ಶುಲ್ಕವನ್ನು ನೂರಕ್ಕೆ ಒಂದರಿಂದ ಎರಡಕ್ಕೆ ಏರಿಸಿತು, ಈಗ ಕೊಳ್ಳುವವರ ಹೊರೆ ಇನ್ನೂ ಹೆಚ್ಚು. ನಮ್ಮ ಪಾಲಿನ ಹಣ ಎಲ್ಲೆಲ್ಲಿಂದ ಬಂತು ಅಂತ ಹೇಳುತ್ತಾ ಹೋದರೆ ಉದ್ದವಾಗುತ್ತದೆ: ಪಿಎಫ್ ತೆಗೆಸಿದ್ದು, ಎತ್ತಿದ ಚೀಟಿ, ಗಂಡನ ಅಣ್ಣ ಕೊಟ್ಟ ಕೈಗಡ. ಅಮ್ಮ ನನ್ನ ಮದುವೆಯಲ್ಲಿ ಇಟ್ಟ ಎರಡು ಜೊತೆ ಬಳೆ ಅಡಕ್ಕೆ ಹೋದವು. ಅಮ್ಮನಿಗೆ, ಲಾಕರಿನಲ್ಲಿವೆ ಅಂದೆ. ಅಕ್ಷರಶಃ ನೋಡಿದರೆ ಅದು ಸುಳ್ಳಲ್ಲ, ಲಾಕರು ಮಾತ್ರ ನಮ್ಮದಲ್ಲ.

ಬಡ್ಡಿ ಆಗ ನೂರಕ್ಕೆ ಆರೂಮುಕ್ಕಾಲು, ಅವಧಿ ಇಪ್ಪತ್ತು ವರ್ಷ, ಕಂತು 38,018 ರೂಪಾಯಿ. ಎರಡು ವರ್ಷ ಒಂದೂ ತಪ್ಪದಂತೆ ಕಟ್ಟಿದೆವು. ಒಂಬತ್ತು ಲಕ್ಷ ದಾಟಿತು ಕಟ್ಟಿದ್ದು. ಅಸಲಿನಲ್ಲಿ ಎರಡೂವರೆ ಲಕ್ಷವೂ ಕರಗಿರಲಿಲ್ಲ. ಅಷ್ಟರಲ್ಲಿ ರಿಸರ್ವ್ ಬ್ಯಾಂಕು ಬೆಲೆಯೇರಿಕೆ ತಡೆಯಲೆಂದು 2022ರ ಮೇ ತಿಂಗಳಿಂದ ರೆಪೋ ದರ ಏರಿಸುತ್ತಾ ಬಂದು, 2023ರ ಫೆಬ್ರವರಿ ಹೊತ್ತಿಗೆ ನಾಲ್ಕರಿಂದ ಆರೂವರೆಗೆ ತಂದಿತು. ನಮ್ಮ ಬಡ್ಡಿ ಒಂಬತ್ತೂಕಾಲು ಆಯಿತು. ಕಂತು ಮಾತ್ರ ಅಷ್ಟೇ ಇತ್ತು. ಬೆಳೆದದ್ದು ವರ್ಷಗಳು. ಒಂದು ದಿನ ಆ್ಯಪಿನಲ್ಲಿ ನೋಡಿದಾಗ ಇನ್ನು ಹದಿನೆಂಟು ವರ್ಷ ಇರಬೇಕಾದ ಕಡೆ ಮೂವತ್ತೈದಕ್ಕೂ ಮಿಕ್ಕಿ ತೋರಿಸುತ್ತಿತ್ತು. ನನಗಾಗ ಮೂವತ್ತಾರು. ನಾನು ಎಪ್ಪತ್ತು ದಾಟುವವರೆಗೂ ಕಟ್ಟುತ್ತಲೇ ಇರಬೇಕೆಂದು ನನ್ನನ್ನು ಒಂದು ಮಾತು ಕೇಳದೆ ತೀರ್ಮಾನವಾಗಿತ್ತು. ಇದು ನಮ್ಮೊಬ್ಬರ ಕಥೆ ಆಗಿರಲಿಲ್ಲ. ಸಾಲಗಾರರಿಗೆ ತಿಳಿಸಬೇಕು, ಕಂತು ಹೆಚ್ಚಿಸಿಕೊಳ್ಳುತ್ತೀರೋ ಅವಧಿ ಹೆಚ್ಚಿಸಿಕೊಳ್ಳುತ್ತೀರೋ ಅಂತ ಅವರನ್ನೇ ಕೇಳಬೇಕು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಬ್ಯಾಂಕುಗಳಿಗೆ ಹೇಳಬೇಕಾಯಿತು. ನಾವು ಕಂತು ಹೆಚ್ಚಿಸಿಕೊಂಡೆವು. ನಲವತ್ತೈದು ಸಾವಿರ ದಾಟಿತು. 2025ರಲ್ಲಿ ದರ ಮತ್ತೆ ಇಳಿದದ್ದು ನಿಜ, ಸ್ವಲ್ಪ ಉಸಿರು ಬಂತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮಗೆ ಹೇಳುವವರಿಗೆ ಕೊರತೆಯಿಲ್ಲ. ಆ ಗಾದೆಯನ್ನು ನಾನು ಹಗುರವಾಗಿ ಕಾಣುವವಳಲ್ಲ, ಅದನ್ನು ಕೇಳಿಯೇ ಬೆಳೆದವಳು. ಆದರೆ ಹಾಸಿಗೆ ಎಷ್ಟುದ್ದ ಎಂಬುದು ಮಲಗುವವನಿಗೆ ಗೊತ್ತಿರುತ್ತದೆ ಅಂತ ನಂಬಿಕೊಂಡು ಹುಟ್ಟಿದ ಮಾತು ಅದು. ನಾವು ಅಳೆದು ನೋಡಿಯೇ ಮಲಗಿದೆವು. ರಾತ್ರಿ ಬೆಳಗಾಗುವುದರೊಳಗೆ ಹಾಸಿಗೆ ಅರ್ಧ ಮೊಳ ಕುಗ್ಗಿತ್ತು. ಹೋಟೆಲ್ಲಿನ ಕಾಫಿಯನ್ನು, ಕೈಯಲ್ಲಿರುವ ಫೋನನ್ನು ತೋರಿಸಿ ಇದರಿಂದಲೇ ನಿಮಗೆ ಸಾಲದು ಅನ್ನುವುದು ಅನ್ಯಾಯ. ವರ್ಷಗಟ್ಟಲೆ ಕಾಫಿ ಬಿಟ್ಟರೂ ನೋಂದಣಿಯ ಖರ್ಚು ಹುಟ್ಟುವುದಿಲ್ಲ. ಇದನ್ನು ಹೇಳಿಕೊಳ್ಳುವಾಗ ನಮ್ಮ ತಪ್ಪು ಏನೂ ಇಲ್ಲ ಅಂತಲೂ ನಾನು ಹೇಳಲಾರೆ. ಮೇಷ್ಟ್ರ ಮಗಳಾದ ನಾನು ಕನ್ನಡ ಶಾಲೆಯಲ್ಲಿ ಓದಿ, ನನ್ನ ಮಗಳನ್ನು ವರ್ಷಕ್ಕೆ ಲಕ್ಷ ದಾಟುವ ಶಾಲೆಗೆ ಸೇರಿಸಿದ್ದೇನೆ. ಹತ್ತಿರದ ಸರ್ಕಾರಿ ಶಾಲೆಗೆ ಒಮ್ಮೆ ಹೋಗಿ ಗೇಟಿನ ಹತ್ತಿರ ನಿಂತು ನೋಡಿ ಬಂದವಳು ನಾನು. ಒಳಗೆ ಹೋಗಲಿಲ್ಲ. ಹಾಗೆ ನಿಂತು ವಾಪಸ್ಸು ಬಂದ ತಾಯಂದಿರು ಒಬ್ಬಿಬ್ಬರಲ್ಲ. ನಾವೆಲ್ಲ ಗೇಟಿನಿಂದಲೇ ತಿರುಗಿದ್ದರಿಂದ ಆ ಶಾಲೆಯೂ ಬಡವಾಯಿತು, ನಾವೂ ಬಡವಾದೆವು.

ನಮ್ಮ ಭಾಷೆಯಲ್ಲಿ ಸಾಲಕ್ಕೆ ಇನ್ನೊಂದು ಮಾತಿದೆ, ಋಣ. ಎರಡೂ ಒಂದೇ ಅನ್ನಿಸಿದರೂ ಅಲ್ಲ. ಸಾಲಕ್ಕೆ ಅವಧಿ ಇರುತ್ತದೆ, ಬಡ್ಡಿ ಇರುತ್ತದೆ, ತೀರಿತು ಅನ್ನುವ ದಿನವೂ ಇರುತ್ತದೆ. ತಾಯಿಯ ಋಣ, ಅನ್ನದ ಋಣ, ಕಲಿಸಿದವರ ಋಣ ತೀರುವಂಥದಲ್ಲ, ತೀರಲಿ ಅಂತ ಯಾರೂ ಕಾಯುವುದೂ ಇಲ್ಲ. ಅದು ಹೊರೆಯಲ್ಲ, ನಂಟು. ಅದಕ್ಕೇ ಋಣಾನುಬಂಧ ಅನ್ನುವುದು. ಈ ಐದು ವರ್ಷಗಳಲ್ಲಿ ನನಗೆ ಭಯವಾಗಿರುವುದು ಹಣದ ಕೊರತೆಯಿಂದಲ್ಲ, ಋಣವನ್ನೂ ನಾನು ಸಾಲದ ಹಾಗೆ ಎಣಿಸತೊಡಗಿದ್ದರಿಂದ. ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕು ಅಂತ ಅಕ್ಕ ಫೋನು ಮಾಡಿದಾಗ, ಅಯ್ಯೋ ಪಾಪ ಅನ್ನುವುದಕ್ಕೂ ಮೊದಲು ನನ್ನ ಮನಸ್ಸಿನಲ್ಲಿ ಒಂದು ಅಂಕಿ ಹಾದು ಹೋಯಿತು. ಅದು ಎಷ್ಟು ಚಿಕ್ಕ ಕ್ಷಣ ಅಂದರೆ ಅಕ್ಕನಿಗೆ ಗೊತ್ತಾಗಿರಲಾರದು. ನನಗೆ ಗೊತ್ತಾಯಿತು.

ಎರಡನೇ ಮಗುವಿನ ಮಾತೂ ಹೀಗೇ. ಊರಿಗೆ ಹೋದಾಗಲೆಲ್ಲ ಅಮ್ಮ, "ಒಂದು ಕಣ್ಣು ಕಣ್ಣಲ್ಲ ಕಣೇ, ಇನ್ನೊಂದು ಆಗಲಿ" ಅನ್ನುತ್ತಿದ್ದರು. ನೋಡೋಣ ಅನ್ನುತ್ತಿದ್ದೆ. ಮೂರು ವರ್ಷ ನೋಡೋಣ ಅಂದೆ. ಆಮೇಲೆ ಅಮ್ಮನೂ ಕೇಳುವುದನ್ನು ಬಿಟ್ಟರು. ನನ್ನ ದೇಹಕ್ಕೇ ಏನೋ ತೊಂದರೆ ಇದೆ ಅಂದುಕೊಂಡು, ಮನೆದೇವರಿಗೆ ಹರಕೆ ಹೊತ್ತಿದ್ದಾರೆ ಅಂತ ಅಕ್ಕನಿಂದ ತಿಳಿಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಒಂದೇ ಸಾಕು ಅಂತ ಮನಸಾರೆ ನಿರ್ಧರಿಸಿದವರು ಆ ಅಂಕಿಯಲ್ಲಿ ಬೇಕಾದಷ್ಟು ಇದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಬೇಕು ಅಂದುಕೊಂಡು, ಕಂತಿನ ಪಟ್ಟಿ ನೋಡಿ ಸುಮ್ಮನಾದ ನನ್ನಂಥವರೂ ಅದರೊಳಗೇ ಇದ್ದೇವೆ. ಆ ಅಂಕಿ ಈ ಎರಡನ್ನು ಬೇರೆ ಮಾಡಿ ತೋರಿಸುವುದಿಲ್ಲ. ಹುಟ್ಟದ ಮಗುವಿಗೆ ಅಳುವ ಪದ್ಧತಿ ನಮ್ಮಲ್ಲಿಲ್ಲ.

ಇಷ್ಟನ್ನೆಲ್ಲ ನಾವು ಮುಚ್ಚಿಟ್ಟುಕೊಂಡು ಬಂದೆವು. ಅಪ್ಪ ಅಮ್ಮ ಕೊರಗಬಾರದು ಎಂಬುದೊಂದೇ ಕಾರಣ. ಅತ್ತ ಅವರೂ ಮುಚ್ಚಿಡುತ್ತಿದ್ದರು. ಎರಡು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಆಸ್ಪತ್ರೆಯಲ್ಲಿ ಐದು ದಿನ ಇದ್ದದ್ದು ನನಗೆ ಗೊತ್ತಾದದ್ದು ಹೊಲಿಗೆ ಬಿಚ್ಚಿದ ಮೇಲೆ. "ನಿನಗ್ಯಾಕೆ ತೊಂದರೆ ಅಂತ" ಅಂದರು. ಒಬ್ಬರ ಮೇಲೊಬ್ಬರಿಗಿರುವ ಪ್ರೀತಿಯಿಂದಲೇ ಒಬ್ಬರಿಗೊಬ್ಬರು ದೂರವಾಗುತ್ತಿದ್ದೆವು. ಕಂತು ನಮ್ಮಿಂದ ಹಣ ಕಿತ್ತುಕೊಂಡದ್ದನ್ನು ಹೇಗೋ ತಡೆದುಕೊಳ್ಳಬಹುದು. ಮಾತನ್ನು ಕಿತ್ತುಕೊಂಡದ್ದು ನಾವೇ ಕೊಟ್ಟದ್ದರಿಂದ.

ಹೋದ ದಸರಾ ರಜೆಯಲ್ಲಿ ಊರಿಗೆ ಹೋಗಿದ್ದಾಗ ಹೇಳಿಬಿಟ್ಟೆ. ಹೇಳಬೇಕು ಅಂತ ಹೊರಟವಳಲ್ಲ. ಮಧ್ಯಾಹ್ನ ಊಟವಾಗಿ ಅಪ್ಪ ಜಗಲಿಯಲ್ಲಿ ತಮ್ಮ ಲೆಕ್ಕದ ಪುಸ್ತಕ ಬರೆಯುತ್ತಾ ಕೂತಿದ್ದರು. ನಲವತ್ತು ವರ್ಷದಿಂದ ಬರೆಯುವ ಪುಸ್ತಕ, ಹಾಲು, ಕರೆಂಟು, ಕೊಬ್ಬರಿಯ ಧಾರಣೆ, ಯಾರ ಮದುವೆಗೆ ಎಷ್ಟು ಮುಯ್ಯಿ. ಬಿಡುವಿಲ್ಲದೆ ಬರೆಯುವ ಆ ಕೈ ನೋಡಿ, "ಅಪ್ಪ, ನಮ್ಮ ಲೆಕ್ಕನೂ ಒಂಚೂರು ನೋಡ್ತೀರಾ" ಅಂದೆ. ಫೋನಿನಲ್ಲಿದ್ದ ಸಾಲದ ಪಟ್ಟಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿಕೊಂಡು ಬಂದೆ. ಅಪ್ಪ ಕನ್ನಡಕ ಒರೆಸಿ ಹಾಕಿಕೊಂಡರು. ಮೊದಲ ಸಾಲಿನಲ್ಲೇ ಪೆನ್ಸಿಲು ನಿಂತಿತು. ಐವತ್ತು ಲಕ್ಷ, ಆರೂಮುಕ್ಕಾಲು, ಹನ್ನೆರಡರಿಂದ ಭಾಗ. ಪಟ್ಟಿಯ ಅಂಚಿನಲ್ಲಿ ಲೆಕ್ಕ ಮಾಡಿದರು: 28,125. ಪಟ್ಟಿಯಲ್ಲೂ 28,125. ಕಂತಿನಿಂದ ಅದನ್ನು ಕಳೆದರು. ಅಸಲಿಗೆ ಜಮಾ ಆದದ್ದು 9,893.

"ಲೆಕ್ಕ ಸರಿಯಾಗಿಯೇ ಇದೆ" ಅಂದರು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾಗದದಿಂದ ತಲೆ ಎತ್ತದೆ ಹೇಳಿದರು, "ಮೂವತ್ತು ವರ್ಷ ಇದೇ ಬಡ್ಡಿ ಲೆಕ್ಕ ಹೇಳಿಕೊಟ್ಟೆ ಕಣಮ್ಮ. ರಾಮು ಐದು ಸಾವಿರ ಸಾಲ ತಂದ, ಶೇಕಡಾ ಹನ್ನೆರಡು, ಮೂರು ವರ್ಷಕ್ಕೆ ಎಷ್ಟು ಕೊಡಬೇಕು. ಉತ್ತರ ಸರಿ ಬಂದ್ರೆ ಮುಗೀತು. ರಾಮು ಯಾಕೆ ಸಾಲ ತಂದ ಅಂತ ಒಂದು ದಿನನೂ ಕೇಳಲಿಲ್ಲ ನಾನು, ಹುಡುಗರೂ ಕೇಳಲಿಲ್ಲ."

ಅಪ್ಪ ನನಗೆ ಬುದ್ಧಿ ಹೇಳಲಿಲ್ಲ. ತಾವು ಸಹಾಯ ಮಾಡುತ್ತೇವೆ ಅಂತಲೂ ಅನ್ನಲಿಲ್ಲ, ಅವರ ಪಿಂಚಣಿ ಅವರಿಬ್ಬರಿಗೇ ಬೇಕು. ಆದರೆ ಅವತ್ತು ಸಂಜೆ ಇಬ್ಬರೂ ಊರ ಕೆರೆಯ ಕಡೆ ನಡೆದುಕೊಂಡು ಹೋದೆವು, ಎಷ್ಟೋ ವರ್ಷದ ಮೇಲೆ. ದಾರಿಯಲ್ಲಿ ಅವರು ತಮ್ಮ ಆಸ್ಪತ್ರೆಯ ಬಿಲ್ಲು ಎಷ್ಟಾಗಿತ್ತು ಅಂತ ಹೇಳಿದರು, ನಾನು ಬಳೆಗಳ ವಿಷಯ ಹೇಳಿದೆ. "ನಿಮ್ಮಮ್ಮನಿಗೆ ಗೊತ್ತು" ಅಂದರು. "ಯುಗಾದಿಗೆ ಬಂದಾಗ ಬರಿಗೈ ನೋಡಿದ್ದಳು."

ಈಗ ಐದನೇ ತಾರೀಖು ಬೆಳಗ್ಗೆ ನನ್ನ ಫೋನು ಎರಡು ಸಲ ಸದ್ದು ಮಾಡುತ್ತದೆ. ಮೊದಲನೆಯದು ಬ್ಯಾಂಕಿನದು. ಏಳು ಗಂಟೆಗೆ ಅಪ್ಪನದು.

"ಹೋಯ್ತಾ?"

"ಹೋಯ್ತಪ್ಪ."

"ಅಸಲೆಷ್ಟು ಉಳೀತು?"

ಹೇಳುತ್ತೇನೆ. ಅತ್ತ ಕಡೆ ಪುಸ್ತಕದ ಹಾಳೆ ತಿರುವಿದ ಸದ್ದು, ಅಪ್ಪ ಅಂಕಿಯನ್ನು ನಿಧಾನವಾಗಿ ಬಾಯಲ್ಲಿ ಹೇಳಿಕೊಂಡು ಬರೆಯುವ ಸದ್ದು ಕೇಳುತ್ತದೆ. ಕೊಬ್ಬರಿ ಧಾರಣೆಯ ಕೆಳಗೆ, ಹಾಲಿನ ಬಾಬ್ತಿನ ಮೇಲೆ ಬರೆಯುತ್ತಾರಂತೆ. ಆಮೇಲೆ ಫೋನು ಅಮ್ಮನ ಕೈಗೆ ಹೋಗುತ್ತದೆ. ಹರಕೆಯ ವಿಷಯ ಅಮ್ಮನ ಹತ್ತಿರ ನಾನಿನ್ನೂ ಮಾತಾಡಿಲ್ಲ. ಪ್ರತಿ ತಿಂಗಳೂ ನಾಲಿಗೆ ತುದಿಗೆ ಬರುತ್ತದೆ, ಅಷ್ಟರಲ್ಲಿ ಮಗಳ ವ್ಯಾನು ಬಂದು ಹಾರ್ನು ಮಾಡುತ್ತದೆ.