240 ದಿನದ ಲೆಕ್ಕ ಯಾರ ಕೈಲಿದೆ?

ಕೋರ್ಟಿಗೆ ಕಾಗದ ಬೇಕು. ಗುಡ್ಡ ಅಗೆದವರ ಕೈಲಿ ಕಾಗದ ಇಲ್ಲ. ಈ ಎರಡು ಮಾತಿನ ನಡುವೆ ಕರಿಕೋಟು ಹಾಕಿಕೊಂಡು ನಿಂತವನು ಕಾರ್ಮಿಕ ಕಾನೂನಿನ ವಕೀಲ. ಅವನು ತನ್ನ ಊರಿಗೆ ಏನು ಕೊಡಬೇಕು ಅನ್ನುವುದು ಅವನ ಒಳ್ಳೆಯತನಕ್ಕೆ ಬಿಟ್ಟ ಮಾತೋ, ಇಲ್ಲಾ ಊರು ಅವನಿಂದ ಕೇಳಿ ಪಡೆಯಬೇಕಾದ ಬಾಕಿಯೋ?

ಸಂಡೂರು ತಾಲ್ಲೂಕಿನ ಯಶವಂತನಗರದಲ್ಲಿ ನಿಂತು ಈ ಪ್ರಶ್ನೆ ಕೇಳೋಣ. ಹೊಸಪೇಟೆಯಿಂದ ಸ್ವಾಮಿಹಳ್ಳಿಗೆ ಹೋಗುವ ರೈಲು ಹಳಿ ಈ ಊರನ್ನು ಹಾದುಹೋಗುತ್ತದೆ. ಅದರ ಮೇಲೆ ಅದಿರು ಹೋಗುತ್ತದೆ. ಅದಿರಿಗೆ ತೂಕದ ಚೀಟಿ ಉಂಟು, ಪರ್ಮಿಟ್ಟು ಉಂಟು, ರಾಯಧನದ ಲೆಕ್ಕ ಉಂಟು. ಪರ್ಮಿಟ್ಟಿಲ್ಲದೆ ಕದ್ದು ಸಾಗಿಸಿದ ಅದಿರಿನ ಲೆಕ್ಕವನ್ನೂ 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹುಡುಕಿ ತೆಗೆಯಿತು. ಆದರೆ ಅದೇ ಅದಿರನ್ನು ಒಡೆದು, ಆರಿಸಿ, ಪುಟ್ಟಿಯಲ್ಲಿ ತುಂಬಿ ಹೊತ್ತ ಕೇರಿಯ ಹೆಣ್ಣುಮಗಳು ಎಷ್ಟು ದಿನ ದುಡಿದಳು ಅನ್ನೋದಕ್ಕೆ ಚೀಟಿ ಎಲ್ಲಿದೆ? ಕಲ್ಲಿಗೆ ಇರುವ ದಾಖಲೆ ಮನುಷ್ಯಳಿಗೆ ಇಲ್ಲ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಗುತ್ತಿಗೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದವನ್ನು ರದ್ದು ಮಾಡಿತು. ಲೂಟಿ ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಂಗಡಣೆ ಆದದ್ದು ಗುತ್ತಿಗೆಗಳದ್ದು, ಕೂಲಿಯವರದ್ದಲ್ಲ. ಲೂಟಿ ಹೊಡೆದವನ ಗಣಿ ಮುಚ್ಚಿದ ದಿನವೇ ಲೂಟಿಯಲ್ಲಿ ಪಾಲಿಲ್ಲದವನ ಒಲೆಯೂ ಆರಿತು. ಅಪರಾಧ ಒಬ್ಬರದು, ಉಪವಾಸ ಇನ್ನೊಬ್ಬರದು.

ಇಂಥ ಹೊತ್ತಿನಲ್ಲಿ ಕಾನೂನು ಏನು ಕೇಳುತ್ತದೆ? ಕೆಲಸದಿಂದ ತೆಗೆದಾಗ, ಗಣಿ ಮುಚ್ಚಿದಾಗ ಪರಿಹಾರ ಬೇಕಾದರೆ ಒಂದು ವರ್ಷದ ಸತತ ಕೆಲಸ ತೋರಿಸು ಅನ್ನುತ್ತದೆ. ವರ್ಷ ಅಂದರೆ 240 ದಿನ. ನೆಲದಡಿಯ ಗಣಿಯಾದರೆ 190 ದಿನ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಈ ಲೆಕ್ಕ 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. ಈ ದಿನಗಳನ್ನು ಯಾರು ರುಜುವಾತು ಮಾಡಬೇಕು? 2002ರಲ್ಲಿ ನಮ್ಮದೇ ಕರ್ನಾಟಕದ ಅರಣ್ಯ ಇಲಾಖೆಯ ಕೂಲಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಅದು ಕೆಲಸಗಾರನ ಹೊಣೆ; ನಾನು ದುಡಿದೆ ಎಂದು ಅಫಿಡವಿಟ್ ಹಾಕಿದರೆ ಸಾಲದು. 2005ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ಸ್ವಲ್ಪ ದಾರಿ ಬಿಟ್ಟಿತು: ಕೆಲಸಗಾರ ಸಾಕ್ಷಿಕಟ್ಟೆ ಹತ್ತಿ ಹೇಳಲಿ, ಮಾಲೀಕನಿಂದ ಮಸ್ಟರ್ ರೋಲ್ ತರಿಸು ಎಂದು ಕೇಳಲಿ.

ಕೇಳಬಹುದು, ನಿಜ. ಆದರೆ ಕೇಳಬಹುದು ಅಂತ ಅವನಿಗೆ ಯಾರು ಹೇಳಿದ್ದಾರೆ? ‘ಎಲ್ಲೈತಪ್ಪ ನಿನ್ನ ಹಾಜರಿ?’ ಅಂದರೆ ‘ಮೇಸ್ತ್ರಿ ಹತ್ರ ಐತ್ರೀ’ ಅನ್ನುತ್ತಾನೆ. ಮೇಸ್ತ್ರಿ ಯಾರ ಹತ್ತಿರ ಇದ್ದಾನೆ?

ನಮ್ಮ ಜನಕ್ಕೆ ಇದು ಹೊಸದಲ್ಲ. ಉತ್ತವನು ಒಬ್ಬ, ಶಾನುಭೋಗನ ಕಡತದಲ್ಲಿ ಹೆಸರು ಇನ್ನೊಬ್ಬನದು. ಅಕ್ಷರದಿಂದ ಶತಮಾನಗಟ್ಟಲೆ ದೂರ ಇಟ್ಟು, ಆಮೇಲೆ ‘ಬರಹದಲ್ಲಿ ತೋರಿಸು’ ಅನ್ನುವ ನ್ಯಾಯ ಇದು. ಜಾತಿ ಬರೀ ಮುಟ್ಟು-ಮಡಿಯಲ್ಲಿಲ್ಲ. ಪುಸ್ತಕ ಯಾರ ಕೈಲಿದೆ ಅನ್ನುವುದರಲ್ಲೂ ಇದೆ.

ಈಗ ವಕೀಲರ ಕಚೇರಿಗಳ ಸಮಾಜಸೇವೆಗೆ ಬರೋಣ. ನೋಟ್‌ಬುಕ್ಕು ಹಂಚುತ್ತಾರೆ, ಕಣ್ಣಿನ ಶಿಬಿರ ಮಾಡಿಸುತ್ತಾರೆ, ರಾಜ್ಯೋತ್ಸವಕ್ಕೆ ಚಂದಾ ಕೊಡುತ್ತಾರೆ. ಮಕ್ಕಳಿಗೆ ನೋಟ್‌ಬುಕ್ಕು ಸಿಕ್ಕಿದರೆ ಬೇಡ ಅನ್ನುವವರು ನಾವಲ್ಲ. ಆದರೆ ನೋಟ್‌ಬುಕ್ಕನ್ನು ಅಂಗಡಿ ಶೆಟ್ಟರೂ ಕೊಡಬಲ್ಲರು. ವಕೀಲನ ಹತ್ತಿರ ಬೇರೆಯವರಲ್ಲಿ ಇಲ್ಲದ್ದು ಒಂದಿದೆ: ಯಾವ ಕಾಗದ ನಾಳೆ ಅನ್ನ ಆಗುತ್ತದೆ ಅನ್ನುವ ತಿಳಿವಳಿಕೆ. ಅದನ್ನು ಬೀರುವಿನಲ್ಲಿಟ್ಟು ನೋಟ್‌ಬುಕ್ಕು ಕೊಟ್ಟರೆ ಅದು ಸೇವೆಯೋ, ಸೇವೆಯ ಹೆಸರಿನ ಜಿಪುಣತನವೋ?

‘ವಕೀಲನಿಗೂ ಹೊಟ್ಟೆ ಇಲ್ಲವೇನ್ರೀ? ಅವನು ಕಂಪನಿ ಪರವೂ ನಿಲ್ಲಬಹುದು, ಕೂಲಿಯವನ ಪರವೂ ನಿಲ್ಲಬಹುದು’ ಅನ್ನುವವರಿದ್ದಾರೆ. ಒಪ್ಪೋಣ. ಕಂಪನಿಗೂ ವಕೀಲ ಬೇಕು. ದುಡಿಮೆಗೆ ಫೀಸು ತೆಗೆದುಕೊಳ್ಳುವುದು ಪಾಪವಲ್ಲ. ಆದರೆ ಕಂಪನಿಯ ವಕೀಲ ವಿವಾದ ಹುಟ್ಟುವ ಮೊದಲೇ ಬಂದಿರುತ್ತಾನೆ. ಗುತ್ತಿಗೆದಾರನ ಒಪ್ಪಂದ ಬರೆಯುವಾಗ ಇರುತ್ತಾನೆ, ಮಸ್ಟರಿನಲ್ಲಿ ಏನಿರಬೇಕು ಎಂದು ಹೇಳುವಾಗ ಇರುತ್ತಾನೆ. ಕೂಲಿಯವನ ವಕೀಲ ಬರುವುದು ಎಲ್ಲ ಮುಗಿದ ಮೇಲೆ. ಅವನು ಪ್ರಾಮಾಣಿಕನಾದರೂ ಬರಿಗೈಯಲ್ಲಿ ವಾದಿಸಬೇಕು. ಗಣಿಯ ವಿವಾದ ಹೋಗುತ್ತಿದ್ದದ್ದು ಬೆಂಗಳೂರಿನ ಕೇಂದ್ರ ಸರ್ಕಾರದ ಕೈಗಾರಿಕಾ ನ್ಯಾಯಮಂಡಳಿಗೆ. ಸಂಡೂರಿನಿಂದ ಸುಮಾರು 300 ಕಿಲೋಮೀಟರ್. ಒಂದು ವಾಯಿದೆಗೆ ಎರಡು ದಿನದ ಕೂಲಿ ಹೋಯ್ತು, ಬಸ್‌ಚಾರ್ಜು ಬೇರೆ.

ಇನ್ನೊಂದು ಅನುಮಾನ ನಮ್ಮ ಸಂಗಾತಿಗಳದ್ದೇ: ವಕೀಲ ಬಂದರೆ ಹೋರಾಟ ಕೋರ್ಟಿನ ಮೆಟ್ಟಿಲಲ್ಲಿ ಸಾಯುತ್ತದೆ. ಈ ಅನುಮಾನ ಕಾನೂನಿಗೂ ಇತ್ತು. 1974ರ ಭೂಸುಧಾರಣೆಯ ಹೊತ್ತಿನಲ್ಲಿ ಭೂನ್ಯಾಯ ಮಂಡಳಿಯ ಮುಂದೆ ವಕೀಲರು ಬರಕೂಡದು ಎಂದೇ ಬರೆದರು. ಕೈಗಾರಿಕಾ ವಿವಾದ ಕಾಯ್ದೆಯ 36ನೇ ಕಲಮೂ ಹಾಗೇ: ಕೆಲಸಗಾರನ ಪರ ಸಂಘದ ಪದಾಧಿಕಾರಿ ಮಾತಾಡಬಹುದು, ವಕೀಲ ಮಾತಾಡಬೇಕಾದರೆ ಎದುರು ಪಕ್ಷದ ಒಪ್ಪಿಗೆಯೂ ಮಂಡಳಿಯ ಅನುಮತಿಯೂ ಬೇಕು. ಅಂದರೆ ಬಡವನ ಪರ ಮೊದಲು ಮಾತಾಡಬೇಕಾದವನು ಅವನ ಜೊತೆಗಾರ ಎಂದು ಕಾನೂನೇ ಒಪ್ಪಿತ್ತು. ಹಾಗಾದರೆ ವಕೀಲನ ಕೆಲಸ ಜೊತೆಗಾರನ ಜಾಗ ಕಿತ್ತುಕೊಳ್ಳುವುದಲ್ಲ, ಅವನ ನಾಲಗೆಗೆ ಕಾನೂನು ಕಲಿಸುವುದು.

ಹೀಗೆ ಬದುಕಿದವರು ಇದ್ದಾರೆ. ಬಾಬಾಸಾಹೇಬರು ಬ್ಯಾರಿಸ್ಟರಾದ ಮೇಲೂ ವರ್ಷಗಟ್ಟಲೆ ಇದ್ದದ್ದು ಮುಂಬಯಿಯ ಪರೇಲಿನ ಚಾಳಿನಲ್ಲಿ, ಗಿರಣಿ ಕಾರ್ಮಿಕರ ನಡುವೆ. ಕಚೇರಿ ಅಲ್ಲೇ ದಾಮೋದರ ಹಾಲಿನಲ್ಲಿ. ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾದಾಗ 1943ರ ಡಿಸೆಂಬರಿನಲ್ಲಿ ಧನ್‌ಬಾದಿನ ಕಲ್ಲಿದ್ದಲ ಗಣಿಗಳಿಗೆ ಹೋಗಿ ಕಣ್ಣಾರೆ ನೋಡಿದರು. ಛತ್ತೀಸಗಢದ ದಲ್ಲಿ ರಾಜಹರಾ ನಮ್ಮ ಸಂಡೂರಿನ ಹಾಗೇ ಕಬ್ಬಿಣದ ಅದಿರಿನ ಊರು. ಶಂಕರ ಗುಹಾ ನಿಯೋಗಿ ಕಟ್ಟಿದ ಅಲ್ಲಿಯ ಕಾರ್ಮಿಕ ಚಳವಳಿಯಲ್ಲಿ ದುಡಿದ ಸುಧಾ ಭಾರದ್ವಾಜ್ ಮೊದಲು ಸಂಘದವರಾದರು, ಆಮೇಲೆ 2000ದಲ್ಲಿ ಕಾನೂನು ಪದವಿ ಪಡೆದರು. ‘ಜನಹಿತ’ ಎಂಬ ವಕೀಲರ ಕೂಟ ಕಟ್ಟಿದರು. ಅಲ್ಲಿ ವಕೀಲಿಕೆ ಸಂಘದ ಹೊಟ್ಟೆಯಿಂದ ಹುಟ್ಟಿತು. ಅಂಥ ವಕೀಲಿಕೆಗೆ ಬೆಲೆಯೂ ತೆರಬೇಕಾಗುತ್ತದೆ: 2018ರಲ್ಲಿ ಬಂಧನ, ಜಾಮೀನು ಸಿಕ್ಕಿದ್ದು 2021ರ ಡಿಸೆಂಬರಿನಲ್ಲಿ.

ಎಲ್ಲರೂ ಅಷ್ಟು ಕೊಡಲಿ ಎಂದು ನಾವು ಕೇಳುತ್ತಿಲ್ಲ. ತಿಂಗಳಿಗೊಂದು ಸಂಜೆ ಕೇಳುತ್ತಿದ್ದೇವೆ. ಕೇರಿಯ ಚಾವಡಿಯಲ್ಲಿ ಕೂತು, ಹೊಸ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು, ಕೂಲಿಚೀಟಿ ಕೊಡಲೇಬೇಕು ಎಂದು ಹೇಳಲಿ. ಕೊಡದಿದ್ದರೆ ಅರ್ಜಿ ಯಾರಿಗೆ ಎಂದು ಬರೆಸಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಕೈಗಾರಿಕಾ ಕಾರ್ಮಿಕರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಉಚಿತ ಕಾನೂನು ನೆರವು ಹಕ್ಕು, ಭಿಕ್ಷೆಯಲ್ಲ ಎಂದು ಬಾಯಿಬಿಟ್ಟು ಹೇಳಲಿ.

ಉಳಿದ ಕೆಲಸ ನಮ್ಮದು. ಊರ ಮೇಷ್ಟ್ರೇ, ಕಾಲೇಜಿಗೆ ಹೋಗುವ ತಮ್ಮಂದಿರೇ, ತಂಗಿಯರೇ, ನಿಮ್ಮ ಅವ್ವ ಯಾವ ಗುತ್ತಿಗೆದಾರನ ಹತ್ತಿರ, ಯಾವ ದಿನ, ಎಷ್ಟು ಕೂಲಿಗೆ ದುಡಿದಳು ಎಂದು ದಿನವೂ ಬರೆದಿಡಿ. ಜೊತೆಗೆ ದುಡಿದವರ ಹೆಸರೂ ಇರಲಿ. ನಾವು ಬರೆದದ್ದನ್ನೇ ಕೋರ್ಟು ಪೂರಾ ನಂಬುತ್ತದೆ ಎಂದಲ್ಲ. ಆದರೆ ಮಸ್ಟರ್ ತರಿಸಿದ ದಿನ ಅದರಲ್ಲಿನ ಸುಳ್ಳಿಗೆ ಬೆರಳಿಟ್ಟು ತೋರಿಸಲು ನಮ್ಮದೂ ಒಂದು ಪುಸ್ತಕ ಇರಬೇಕು.

ದಾನ ಕೊಡುವವನು ಎಂದು ಬೇಕಾದರೂ ನಿಲ್ಲಿಸಬಹುದು. ಸಾಲಗಾರ ನಿಲ್ಲಿಸುವಂತಿಲ್ಲ. ಕೂಲಿಯವರ ವಿವಾದದಿಂದಲೇ ಅನ್ನ ಕಂಡ ವಕೀಲಿಕೆ ಕೂಲಿಯವರ ಸಾಲಗಾರ. ಆ ಸಾಲ ತೀರಬೇಕಾದ್ದು ಹಾರ ತುರಾಯಿಯ ಸಭೆಯಲ್ಲಲ್ಲ, ಮಸ್ಟರ್ ಪುಸ್ತಕದ ಮುಂದೆ.