ಕಡೇ ಸೋಮವಾರದ ಸುತ್ತು

ಆಷಾಢದ ಕಡೇ ಸೋಮವಾರ ಬೆಳಕು ಹರಿಯುವಷ್ಟರಲ್ಲಿ ನಂದಿ ಗ್ರಾಮದ ಭೋಗನಂದೀಶ್ವರನ ಗುಡಿ ಮುಂದೆ ಜನ ನೆರೆದಿರುತ್ತಾರೆ. ಗಿರಿ ಪ್ರದಕ್ಷಿಣೆಯ ದಿನವದು. ಕುಡುವತಿ, ಕಾರಹಳ್ಳಿ, ಹೆಗ್ಗಡಿಹಳ್ಳಿ, ಸುಲ್ತಾನಪೇಟೆಗಳ ಕಡೆಯಿಂದ ನಂದಿ ಬೆಟ್ಟವನ್ನು ಬಳಸಿ ಮತ್ತೆ ಗುಡಿಗೆ ಬರಬೇಕು. ಸುಮಾರು 15 ಕಿಲೋಮೀಟರ್ ನಡಿಗೆ. ಹಣೆಗೆ ವಿಭೂತಿ ಬಳಿದುಕೊಂಡು ಕಾಲೇಜಿನ ಹುಡುಗ ಹುಡುಗಿಯರು ಗುಂಪು ಗುಂಪಾಗಿ ಹೊರಡುವುದನ್ನು ನೋಡಿದರೆ ಮನಸ್ಸು ತುಂಬುತ್ತದೆ.

ಚಿಂತಾಮಣಿ, ಶಿಡ್ಲಘಟ್ಟದ ಹುಡುಗರಿಗೆ ಪಾದಯಾತ್ರೆ ಎಂದರೆ ಮೊದಲು ನೆನಪಾಗುವುದು ತಿರುಪತಿ. ಮದನಪಲ್ಲಿ, ಪೀಲೇರು, ಭಾಕರಾಪೇಟೆ ಘಾಟಿ ದಾಟಿ 150 ಕಿಲೋಮೀಟರಿಗೂ ಮಿಕ್ಕ ದಾರಿ. ಹರಕೆ ಹೊತ್ತವರು ದಿನಗಟ್ಟಲೆ ಗೋವಿಂದನ ಹೆಸರು ಕೂಗುತ್ತಾ ನಡೆಯುತ್ತಾರೆ. ನಂದಿಯ ಸುತ್ತಿಗೆ ಅಷ್ಟು ಸಿದ್ಧತೆ ಬೇಡ. ಅಪ್ಪನ ಬದಲು ರೇಷ್ಮೆಗೂಡು ಹೊತ್ತು ಮಾರುಕಟ್ಟೆಗೆ ಹೋಗುವ ಹುಡುಗನೂ ಒಂದು ದಿನ ಬಿಡುವು ಮಾಡಿಕೊಂಡು ಬರಬಹುದು, ಬೆಂಗಳೂರಿಗೆ ದಿನಾ ಓಡಾಡಿ ದುಡಿಯುವ ಹುಡುಗಿಯೂ ಬರಬಹುದು.

ಹೊರಟಾಗ ಎಲ್ಲರದೂ ಬಿರುಸಿನ ನಡಿಗೆ. ಬಿಸಿಲೇರುತ್ತಿದ್ದಂತೆ ಬರಿಗಾಲಿಗೆ ಜಲ್ಲಿ ಚುಚ್ಚತೊಡಗುತ್ತದೆ. ಚಪ್ಪಲಿಯನ್ನು ಕವರಿನಲ್ಲಿ ಹಿಡಿದು ಬರುತ್ತಿದ್ದ ಒಬ್ಬಳು ಮುಳ್ಳು ತುಳಿದು ರಸ್ತೆ ಪಕ್ಕದ ಮೋರಿಕಟ್ಟೆ ಮೇಲೆ ಕೂತಳು. ಜೊತೆಯವಳು ಹಿಂದೆ ಬರುತ್ತಿದ್ದ ಹೆಂಗಸನ್ನು "ಅಕ್ಕಾ, ಪಿನ್ನು ಇದ್ಯಾ?" ಎಂದು ಕೇಳಿದಳು. ಆಕೆ ತಾಳಿ ಸರಕ್ಕೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ, ತಾನೇ ಕುಕ್ಕುರುಗಾಲಲ್ಲಿ ಕೂತು, ಗುರುತಿಲ್ಲದ ಹುಡುಗಿಯ ಪಾದವನ್ನು ತೊಡೆ ಮೇಲಿಟ್ಟುಕೊಂಡು ಮುಳ್ಳು ಕಿತ್ತಳು. ಮುಂದೆ ಹೋಗಿದ್ದ ಹುಡುಗರು ಅಲ್ಲೇ ನಿಂತು ಕಾದರು. ಸುತ್ತು ಬೇಗ ಮುಗಿಸಿದವರಿಗೆ ಇಲ್ಲಿ ವಿಶೇಷ ಮರ್ಯಾದೆಯೇನೂ ಇಲ್ಲ, ಗುಂಪಿನ ನಡಿಗೆಗೆ ಕಾಲು ನೋಯುತ್ತಿರುವವರದೇ ಲೆಕ್ಕ. ದಾರಿಯುದ್ದಕ್ಕೂ ಹಳ್ಳಿಯವರು ಮಜ್ಜಿಗೆ, ಕೋಸಂಬರಿ, ಚಿತ್ರಾನ್ನ ಹಿಡಿದು ನಿಂತಿರುತ್ತಾರೆ. ಭಜನೆಯವರು ಕೈವಾರ ತಾತಯ್ಯನ ಪದ ಎತ್ತಿಕೊಂಡರೆ ತೆಲುಗಿನ ಹಿಂದೆ ಕನ್ನಡ, ಕನ್ನಡದ ಹಿಂದೆ ತೆಲುಗು. ಬಳೆಯ ಮಲಾರ ಹೊತ್ತು ಊರೂರು ತಿರುಗಿದ ತಾತಯ್ಯನೂ ಇದೇ ಸೀಮೆಯಲ್ಲಿ ನಡೆದಾಡಿದವನು.

ನಮ್ಮ ಮಕ್ಕಳಿಗೆ ನಂದಿ ಎಂದರೆ ರಜೆಯ ದಿನ ಬೈಕು ಹತ್ತಿ ಮಂಜು ನೋಡಲು ಹೋಗುವ ಜಾಗವಾಗಿಬಿಟ್ಟಿದೆ. ಮೇಲೆ ನಿಂತವರಿಗೆ ಕಾಣುವುದು ಮೋಡ. ಬುಡದಲ್ಲಿ ನಡೆದವರಿಗೆ ಬೆಟ್ಟದ ಒಂದೊಂದು ಮಗ್ಗುಲೂ ಬೇರೆಯಾಗಿ ಕಾಣುತ್ತದೆ: ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಬೋಳು ಬಂಡೆ, ಮತ್ತೊಂದು ಕಡೆ ಹೊಸ ಬಡಾವಣೆಯ ಕಲ್ಲುಗಳು. ಈ ಬೆಟ್ಟಸಾಲಿನ ನೀರು ಒಂದೇ ದಿಕ್ಕಿಗೆ ಹೋಗುವುದಿಲ್ಲ. ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆ ಹೊರಟು ವಿದುರಾಶ್ವತ್ಥವನ್ನು ಮುಟ್ಟಿ ಆಂಧ್ರಕ್ಕೆ ಇಳಿಯುತ್ತದೆ. ಚಿತ್ರಾವತಿಯದು ಬಾಗೇಪಲ್ಲಿಯ ದಾರಿ. ಅರ್ಕಾವತಿ ಹೆಸರಘಟ್ಟದ ಮೇಲೆ ಹಾದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ, ದಕ್ಷಿಣ ಪಿನಾಕಿನಿ ತಮಿಳುನಾಡಿಗೆ ಹೋಗುತ್ತದೆ. ಬೆಟ್ಟಕ್ಕೆ ಸುತ್ತು ಬಂದವರು ಈ ಹೊಳೆಗಳ ತವರಿಗೇ ಸುತ್ತು ಬಂದಂತೆ.

ಆದರೆ ಆ ಹೊಳೆಗಳ ಪಾತ್ರ ವರ್ಷದ ಬಹುಪಾಲು ಒಣಗಿರುತ್ತದೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಜಿಲ್ಲೆ ನಮ್ಮದು. ಬೆಂಗಳೂರಿನಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧಮಾಡಿ ಎಚ್.ಎನ್. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ನಮ್ಮ ಕೆರೆಗಳಿಗೆ ತುಂಬಿಸುವ ಹೊತ್ತು ಬಂದಿದೆ. 2021ರ ಆಗಸ್ಟ್‌ನಲ್ಲಿ ಒಂದು ರಾತ್ರಿಯ ಮಳೆಗೆ ಬೆಟ್ಟದ ಮಣ್ಣು ಜರಿದು ಮೇಲಿನ ರಸ್ತೆಯೇ ಕಿತ್ತುಹೋಯಿತು. ದೇವರೆಂದು ಕೈಮುಗಿದು ಸುತ್ತುವ ಬೆಟ್ಟದ ಸ್ಥಿತಿ ಇದು. ಸುತ್ತು ಮುಗಿದ ಸಂಜೆ ದಾರಿಬದಿಯ ಚರಂಡಿಗಳಲ್ಲಿ ಪ್ಲಾಸ್ಟಿಕ್ ಲೋಟ, ತಟ್ಟೆ ಬಿದ್ದಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಮಳೆ ಬಂದರೆ ಅವು ಹೋಗುವುದೂ ಅದೇ ಹೊಳೆಗಳಿಗೆ.

ಹರೆಯದವರನ್ನು ನಂಬಿ ಕೇಳುತ್ತೇನೆ, ಏಕೆಂದರೆ ಮುಳ್ಳು ತುಳಿದ ಗೆಳತಿಗಾಗಿ ನಿಂತವರು ಅವರೇ. ಬರುವ ಆಷಾಢಕ್ಕೆ ಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ. ಗುಂಪಿನಲ್ಲಿ ಇಬ್ಬರು ಗೋಣಿಚೀಲ ಹಿಡಿದು ಕೊನೆಯಲ್ಲಿ ನಡೆಯಿರಿ. ಮಜ್ಜಿಗೆ ಕೊಡುವ ಅಜ್ಜಿಯನ್ನು, ಇಲ್ಲಿ ಮೊದಲು ಹಳ್ಳ ಎಲ್ಲಿ ಹರಿಯುತ್ತಿತ್ತು ಎಂದು ವಿಚಾರಿಸಿ. ತೋರಿಸಿದರೆ ಹೋಗಿ ನೋಡಿ, ಮುಚ್ಚಿದ್ದರೆ ಊರಿನ ಪಂಚಾಯ್ತಿಗೆ ಒಂದು ಅರ್ಜಿ ಬರೆದುಕೊಡಿ.