ಅರ್ಧ ಕಿಲೋ ಭಾರ

ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮೊದಲ ಸಲ ಬೆನ್ನಿಗೆ ಚೀಲ ಹಾಕಿಕೊಂಡೆ. ಇಷ್ಟು ವರ್ಷ ಹೆಗಲಿಗೆ ವ್ಯಾನಿಟಿ ಬ್ಯಾಗು, ಒಂದು ಕೈಯಲ್ಲಿ ಉತ್ತರಪತ್ರಿಕೆಗಳ ಕಟ್ಟು, ಇನ್ನೊಂದರಲ್ಲಿ ಸೊಪ್ಪಿನ ಚೀಲ ಹಿಡಿದು ನಡೆದವಳಿಗೆ ಎರಡೂ ಕೈ ಬೀಸಿಕೊಂಡು ನಡೆಯುವುದೇ ನಾಚಿಕೆಯಾಗುವಂಥ ಸುಖ.

ಇದೆಲ್ಲ ನನ್ನ ಮಗಳ ಕಿತಾಪತಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವಳು ವಾರದ ಕೊನೆ ಬಂತೆಂದರೆ ಗುಡ್ಡ ಹತ್ತುತ್ತಾಳೆ. ಈ ಸಲ ನನ್ನನ್ನೂ ಎಳೆದಳು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲವಷ್ಟೆ. ಅದಕ್ಕೇ ಕಳಸದ ಕಡೆ ಅವಳ ಗೆಳತಿಯ ಮನೆಯವರ ಕಾಫಿ ತೋಟದ ಮೇಲೆ, ಅವರದೇ ಹುಲ್ಲುಗುಡ್ಡದಲ್ಲಿ ಡೇರೆ ಹಾಕಿ ಎರಡು ರಾತ್ರಿ ಇರುವುದೆಂದಾಯಿತು. ನಾನು ಶುಕ್ರವಾರ, ಶನಿವಾರಕ್ಕೆ ಎರಡು ಸಿ.ಎಲ್. ಬರೆದುಕೊಟ್ಟೆ.

ಚೀಲದ ವಿಷಯದಲ್ಲಿ ಮಗಳು ಮೇಷ್ಟ್ರು, ನಾನು ಒಂದನೆಯ ಇಯತ್ತೆ. ಕುತ್ತಿಗೆ ಬಗ್ಗಿಸಿದಾಗ ಹಿಂದೆ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನವರೆಗೆ ಟೇಪು ಹಿಡಿದು ಅಳೆದಳು. ಚೀಲವನ್ನು ಆರಿಸಬೇಕಾದ್ದು ಈ ಅಳತೆಯಿಂದಲೇ ಹೊರತು ನಮ್ಮ ಎತ್ತರದಿಂದಲ್ಲವಂತೆ. ಎರಡು ರಾತ್ರಿಗೆ 40–45 ಲೀಟರಿನ ಚೀಲ ಧಾರಾಳ. ದೊಡ್ಡದು ತಂದರೆ ಅದನ್ನು ತುಂಬಿಸುವ ಚಪಲ ತಾನಾಗಿ ಹುಟ್ಟುತ್ತದೆ ಅಂದಳು. ಬೀರುವಿನ ವಿಷಯದಲ್ಲಿ ನನಗಿದು ಮೊದಲೇ ಗೊತ್ತು. ಎಂಟು ಕಿಲೋ ಅಕ್ಕಿ ತುಂಬಿಸಿ ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿದಳು. ಹೆಗಲು ಹರಿದುಹೋಗುವ ಹಾಗಾಯಿತು. ಆಮೇಲೆ ಸೊಂಟದ ಪಟ್ಟಿ ಬಿಗಿದು ಹೆಗಲ ಪಟ್ಟಿ ಸಡಿಲಿಸಿದಾಗ ಭಾರವೆಲ್ಲ ಕೆಳಗಿಳಿದು ಸೊಂಟದ ಮೇಲೆ ಕೂತಿತು. ಕೊಡ ಕೂರುವುದೂ ಅಲ್ಲೇ ಅಲ್ಲವೆ! ನಮ್ಮಮ್ಮ ಬಾವಿಯಿಂದ ನೀರು ತರುತ್ತಿದ್ದ ವಿದ್ಯೆಯನ್ನು ಮಗಳು ಸಾವಿರಾರು ರೂಪಾಯಿ ಕೊಟ್ಟು ಕಲಿತು ಬಂದಿದ್ದಾಳೆ ಅನ್ನಿಸಿ ನಗು ಬಂತು.

ಜಗಳ ಹತ್ತಿದ್ದು ಪವರ್ ಬ್ಯಾಂಕಿನಿಂದ. ನಮ್ಮವರು ನಾನು ಹೊರಡುವ ಸುದ್ದಿ ಕೇಳಿದ ದಿನವೇ ಪೇಟೆಗೆ ಹೋಗಿ 20,000 ಎಂ.ಎ.ಎಚ್.ನದನ್ನು ತಂದರು. ಅಡಿಗೆಮನೆಯ ತಕ್ಕಡಿಯಲ್ಲಿ 420 ಗ್ರಾಂ ತೂಗಿತು. ಮಗಳು ತನ್ನ 10,000ದ್ದನ್ನು ತೋರಿಸಿದಳು, ಅದು ಇದರ ಅರ್ಧ. ಮೇಲೆ ಬರೆದಿರುವುದು ಒಳಗಿನ ಸೆಲ್ಲಿನ ಲೆಕ್ಕ, ಫೋನಿಗೆ ಇಳಿಯುವುದು ಹೆಚ್ಚುಕಡಿಮೆ ಆರು ಸಾವಿರ, ನಿನ್ನ ಫೋನಿನ ಬ್ಯಾಟರಿ ಐದು ಸಾವಿರ, ಅಂದರೆ ಒಂದು ಸಲ ಪೂರ್ತಿ ತುಂಬಿ ಇನ್ನೂ ಸ್ವಲ್ಪ ಉಳಿಯುತ್ತದೆ ಎಂದು ಲೆಕ್ಕ ಹಾಕಿದಳು. ಇವರು ಒಪ್ಪಲಿಲ್ಲ. "ಅಮ್ಮನಿಗೆ ಏನಾದರೂ ಆದರೆ? ನಿಮ್ಮಮ್ಮ ಯಾವಾಗಲೂ ಸಿಗಬೇಕು" ಅಂದರು.

ಅವರ ಅಮ್ಮ, ಅಂದರೆ ನಮ್ಮತ್ತೆಗೆ ಎಂಬತ್ತನಾಲ್ಕು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಹತ್ತನೆಯ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ, ಫೋನು ಸ್ಟಾಫ್ ರೂಮಿನ ಡ್ರಾಯರಿನಲ್ಲಿತ್ತು. ಬಂದು ನೋಡಿದರೆ ಏಳು ಮಿಸ್ಡ್ ಕಾಲ್. ಅಷ್ಟರಲ್ಲಿ ಪಕ್ಕದ ಮನೆಯವರು ಆಟೋದಲ್ಲಿ ಕರೆದುಕೊಂಡು ಹೋಗಿದ್ದರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಆದರೆ ಆ ಏಳನ್ನು ನಾನು ಇನ್ನೂ ಮರೆತಿಲ್ಲ. ಆದ್ದರಿಂದ ಬಾಯಿ ಮುಚ್ಚಿಕೊಂಡು ದೊಡ್ಡದನ್ನೇ ಚೀಲಕ್ಕೆ ಹಾಕಿಕೊಂಡೆ.

ಆ ರಾತ್ರಿ ಮಗಳು ಮೆಲ್ಲಗೆ ಹೇಳಿದಳು: "ಅಮ್ಮಾ, ಡೇರೆ ಹಾಕುವ ಜಾಗದಲ್ಲಿ ಸಿಗ್ನಲ್ಲೇ ಇಲ್ಲ." ಸಿಗ್ನಲ್ ಇಲ್ಲದ ಕಡೆ ಫೋನು ಟವರನ್ನು ಹುಡುಕುತ್ತಾ ಹುಡುಕುತ್ತಾ ಬೇಗ ಬರಿದಾಗುತ್ತದಂತೆ. ಅಂದರೆ ನಾನು ಹೊತ್ತೊಯ್ಯುವ 420 ಗ್ರಾಂ, ಸಿಗದ ಟವರನ್ನು ಹುಡುಕುವುದಕ್ಕೆ! "ಅಪ್ಪನಿಗೆ ಹೇಳಬೇಡ, ಸುಮ್ಮನೆ ಒದ್ದಾಡುತ್ತಾರೆ" ಅಂದಳು.

ಹೇಳದಿದ್ದರೆ ಸುಲಭವಾಗುತ್ತಿತ್ತು, ನಿಜ. ಚೀಲದಲ್ಲಿ ಆ ಡಬ್ಬಿ ಇದೆಯೆಂಬ ಒಂದೇ ಧೈರ್ಯದಲ್ಲಿ ಅವರು ನಿದ್ದೆ ಮಾಡುತ್ತಿದ್ದರು. ಆದರೆ ನಾನು ಹೊರುತ್ತಿದ್ದದ್ದು ಸುಳ್ಳನ್ನಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಬೇರೆ. ಎರಡು ರಾತ್ರಿ ಯಾರ ಕೈಗೂ ಸಿಗದೆ ಇರಲು ನನಗೆ ಹಕ್ಕಿದೆಯೇ? ನಮ್ಮವರು ವರ್ಷ ವರ್ಷ ಶಬರಿಮಲೆಗೆ ಹೋಗುತ್ತಾರೆ. ಒಂದು ಹಗಲು, ಒಂದು ರಾತ್ರಿ ಫೋನು ಸತ್ತಿರುತ್ತದೆ. "ಚಾರ್ಜು ಮುಗೀತು" ಅಂದರೆ ಮಾತೂ ಅಲ್ಲಿಗೆ ಮುಗಿಯಿತು. ಆಗ ಅತ್ತೆಯನ್ನು ನೋಡಿಕೊಳ್ಳಲು ನಾನಿರುತ್ತೇನಲ್ಲ! ನಾನು ಹೋದಾಗ ಮನೆಯಲ್ಲಿ ಅವರಿರುತ್ತಾರೆ ಎಂಬುದು ಮಾತ್ರ ಯಾರಿಗೂ, ನನಗೂ ಸಹ, ಲೆಕ್ಕಕ್ಕೆ ಬಂದಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುವಾಗ ಹೇಳಿಯೇಬಿಟ್ಟೆ. ಇವರು ಲೋಟ ಕೆಳಗಿಟ್ಟು ಮುಖ ತಿರುಗಿಸಿದರು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ, "ನಾನು ಕಾಶೀಗೆ ಹೋದಾಗ ಇಪ್ಪತ್ತೆರಡು ದಿನ ಕಣೇ" ಅಂದರು. ಅದು 1975ರಲ್ಲಿ. "ಇವನಿಗೆ ಎಂಟು ವರ್ಷ. ಊರಿಗೊಂದು ಕಾರ್ಡು ಬರೆಸಿ ಹಾಕಿದ್ದೆ. ಕಾರ್ಡಿಗಿಂತ ಮೊದಲು ನಾನೇ ಬಂದೆ. ಬಂದರೆ ಇವನಿಗೆ ಜ್ವರ ಬಂದು, ಬಿಟ್ಟು, ಮೂರು ದಿನ ಆಗಿತ್ತು." ಗೊತ್ತಾಗಿದ್ದರೆ ಏನು ಮಾಡುತ್ತಿದ್ದಿರಿ ಅತ್ತೆ ಅಂದೆ. "ಅಲ್ಲೇ ಕೂತು ಅಳ್ತಿದ್ದೆ, ಇನ್ನೇನು" ಅಂದರು.

ಅತ್ತೆಯ ಮಾತು ನನಗೆ ಪೂರಾ ಸಮಾಧಾನ ಕೊಡಲಿಲ್ಲ. ಅವರ ಕಾಲದಲ್ಲಿ ಸುದ್ದಿ ತಿಳಿಯುವ ದಾರಿ ಇರಲಿಲ್ಲ, ಹಾಗಾಗಿ ತಿಳಿಯದಿದ್ದದ್ದು ತಪ್ಪೂ ಆಗಿರಲಿಲ್ಲ. ಈಗ ದಾರಿಯಿದೆ. ದಾರಿ ಇದೆಯೆಂಬ ಒಂದೇ ಕಾರಣಕ್ಕೆ ಅದು ಕರ್ತವ್ಯವಾಗಿಬಿಡಬೇಕೆ? ಅರ್ಧ ಗಂಟೆ ಫೋನು ಎತ್ತದಿದ್ದರೆ ಅಪರಾಧಿಯಂತೆ ಉತ್ತರ ಕೊಡಬೇಕಲ್ಲ, ಈ ಕಾನೂನನ್ನು ಮಾಡಿದವರು ಯಾರು ನೀವೇ ಹೇಳಿ. ಹಾಗೆಂದು ಬಚ್ಚಲಲ್ಲಿ ಬಿದ್ದ ಮುದುಕಿಯ ನೋವು ಸುಳ್ಳೇ? ಅದೂ ಅಲ್ಲ. ಎರಡನ್ನೂ ತೂಗುವ ತಕ್ಕಡಿ ನನ್ನ ಅಡಿಗೆಮನೆಯಲ್ಲಿಲ್ಲ.

ಕಡೆಗೆ ಮಾಡಿದ್ದಿಷ್ಟು. ದೊಡ್ಡದನ್ನು ಮನೆಯಲ್ಲೇ ಬಿಟ್ಟು ಮಗಳ ಚಿಕ್ಕದನ್ನು ಟಾರ್ಚಿಗೂ ಸೇರಿಸಿ ಒಯ್ದೆವು. ತೋಟದ ರೈಟರ ಫೋನ್ ನಂಬರನ್ನು ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ. ತುರ್ತಾದರೆ ಅವರು ಆಳೊಬ್ಬನನ್ನು ಗುಡ್ಡಕ್ಕೆ ಓಡಿಸಲು ಒಪ್ಪಿದ್ದರು. ದಿನಕ್ಕೊಮ್ಮೆ, ಬೆಳಿಗ್ಗೆ ಎಂಟಕ್ಕೆ, ಸಿಗ್ನಲ್ ಸಿಗುವ ತಿರುವಿಗೆ ನಾನೇ ಇಳಿದು ಬಂದು ಮಾತಾಡುತ್ತೇನೆ ಅಂದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿ ಇಟ್ಟಿದ್ದೆ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಡೇರೆಯ ಬಟ್ಟೆಯ ಮೇಲೆ ಇಬ್ಬನಿ ತೊಟ್ಟಿಕ್ಕುವುದು ಕೇಳುತ್ತಿತ್ತು. ನಾಲ್ಕು ಸಲ ಎದ್ದು ಕತ್ತಲಲ್ಲಿ ಫೋನು ನೋಡಿದೆ, ನೋಡಲು ಏನೂ ಇಲ್ಲವೆಂದು ಗೊತ್ತಿದ್ದೂ. ಬೆಳಿಗ್ಗೆ ಮಂಜಿನಲ್ಲಿ ತಿರುವಿಗಿಳಿದು ಫೋನು ಮಾಡಿದರೆ ಇವರು, "ಇಂಗು ಎಲ್ಲಿದೆ?" ಅಂದರು. ಹೇಳಿದೆ. ಆಮೇಲೆ ಅತ್ತೆ ಫೋನು ತೆಗೆದುಕೊಂಡು ಅಲ್ಲಿ ಚಳಿಯೋ ಎಂದು ಕೇಳಿದರು. ಚಳಿ ಅಂದೆ.

"ಸರಿ, ದುಡ್ಡು ಓಡ್ತದೆ, ಇಡು" ಅಂದು ಅವರೇ ಇಟ್ಟುಬಿಟ್ಟರು.